ಆಮೆ ಕಂಡ ಮೂರನೆಯ ದಾರಿ

ಕೆರೆಯ ಆಮೆ ದೊಡ್ಡ ತತ್ತ್ವಜ್ಞಾನಿ. ಯೋಚನೆಗೆ ಕೂತರೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳುವುದು ಅದರ ಪದ್ಧತಿ. ಹಾಗೆ ಮೂವತ್ತು ವರ್ಷ ಯೋಚಿಸಿ ಒಂದು ಸಿದ್ಧಾಂತ ಕಟ್ಟಿತ್ತು: "ನೀರಿಗಿಳಿದದ್ದು ತೇಲಬೇಕು, ಇಲ್ಲವೇ ಮುಳುಗಬೇಕು. ಮೂರನೆಯ ದಾರಿಯಿಲ್ಲ." ಶಿಷ್ಯ ಕಪ್ಪೆ ಅದನ್ನು ಕೆರೆಯ ಗೊದಮೊಟ್ಟೆಗಳಿಗೆಲ್ಲ ಬಾಯಿಪಾಠ ಮಾಡಿಸಿತ್ತು.

ಒಂದು ಬೆಳಿಗ್ಗೆ ಆಮೆ ಬಂಡೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಸುಮ್ಮನೆ ನೀರು ನೋಡುತ್ತಿತ್ತು. ಅದು ಅದರ ಹವ್ಯಾಸ. ಬರೀ ಸೋಮಾರಿತನವೆಂದು ಒಳಗೊಳಗೇ ನಾಚಿಕೆಯೂ ಇತ್ತು. ಆಗ ಕಡ್ಡಿಕಾಲಿನ ಪುಟ್ಟ ಹುಳುವೊಂದು ನೀರಿನ ಮೇಲೆ ನಡೆದುಕೊಂಡು ಬಂತು. ಅದರ ಒಂದು ಕಾಲೂ ಒದ್ದೆಯಾಗಿರಲಿಲ್ಲ.

"ಏನಯ್ಯಾ, ತೇಲುತ್ತಿದ್ದೀಯೋ, ಮುಳುಗುತ್ತಿದ್ದೀಯೋ?" ಎಂದು ಆಮೆ ಕೇಳಿತು.

"ಎರಡೂ ಇಲ್ಲ ಅಜ್ಜ, ನಿಂತಿದ್ದೇನೆ."

ಬಂಡೆಯ ಪಕ್ಕದಲ್ಲೇ ಕೂತಿದ್ದ ಕಪ್ಪೆಗೆ ಗಾಬರಿಯಾಯಿತು. "ಗುರುಗಳೇ, ಇದು ಬದುಕಿದರೆ ನಮ್ಮ ಸಿದ್ಧಾಂತ ಸಾಯುತ್ತದೆ. ಅಪ್ಪಣೆ ಕೊಡಿ, ಒಂದೇ ಗುಟುಕು!"

ಆಮೆಗೆ ಅದು ಕೇಳಿಸಲೇ ಇಲ್ಲ. ಹುಳುವಿನ ಪ್ರತಿ ಕಾಲಿನ ಕೆಳಗೂ ನೀರು ಸಣ್ಣ ಗುಳಿಯಾಗಿ ಬಾಗಿತ್ತು, ಆದರೆ ತೂತು ಬಿದ್ದಿರಲಿಲ್ಲ. ತಾನು ಹುಟ್ಟಿ ಬೆಳೆದ ನೀರಿಗೆ ಇಂಥ ತೆಳ್ಳನೆಯ ತೊಗಲಿದೆಯೆಂದು ಅದಕ್ಕೆ ಗೊತ್ತೇ ಇರಲಿಲ್ಲ.

ಕಪ್ಪೆ ನಾಲಗೆ ಚಾಚಿತು. ಇನ್ನೂ ಹತ್ತಿರದಿಂದ ನೋಡಲು ಆಮೆ ಕತ್ತು ಚಾಚಿತು. ನಾಲಗೆ ಹೋಗಿ ಗುರುವಿನ ಹಣೆಗೆ ಅಂಟಿತು.

"ಹಾಗಾದರೆ ಗೊದಮೊಟ್ಟೆಗಳಿಗೆ ಏನು ಹೇಳಲಿ?" ಎಂದು ಕಪ್ಪೆ ನಾಲಗೆ ಬಿಡಿಸಿಕೊಂಡು ಅಳುಮುಖ ಮಾಡಿತು.

"ನಿಜ ಹೇಳು. ಆ ಸಿದ್ಧಾಂತವನ್ನು ನಾನು ಚಿಪ್ಪಿನೊಳಗಿನ ಕತ್ತಲಲ್ಲಿ ಕಟ್ಟಿದ್ದು. ಅವುಗಳನ್ನು ಇಲ್ಲಿಗೇ ಕರೆದುಕೊಂಡು ಬಾ, ನೋಡಲಿ." ಆಮೆ ಹುಳುವಿನತ್ತ ತಿರುಗಿತು. "ಇನ್ನೊಮ್ಮೆ ನಡೆಯಪ್ಪ, ನಿಧಾನವಾಗಿ."

ಅಂದಿನಿಂದ ಆಮೆ ಯೋಚಿಸುವಾಗ ತಲೆಯನ್ನು ಒಳಗೆ ಎಳೆದುಕೊಳ್ಳಲಿಲ್ಲ.