ಚಂದ್ರನ ಕೆಳಗಿನ ಸಿಂಬಿ

ಮಕ್ಕಳೇ, ನಾನು ಕಥೆ ಬರೆಯುತ್ತಿರುವುದು ಇದೇ ಮೊದಲು. ನಮ್ಮಜ್ಜಿ ಹೇಳುತ್ತಿದ್ದಷ್ಟು ಚೆನ್ನಾಗಿ ಬರಲಿಕ್ಕಿಲ್ಲ, ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ಸಿಂಬಿ ಎಂದರೇನು ಎಂದು ಹೇಳಿಬಿಡುತ್ತೇನೆ. ಹುಲ್ಲನ್ನೋ ಹಳೆಯ ಸೀರೆಯನ್ನೋ ತಿರುಚಿ ಬಳೆಯ ಹಾಗೆ ಸುತ್ತಿದರೆ ಸಿಂಬಿ. ಕೆಲವರು ಸಿಂಬೆ ಅನ್ನುತ್ತಾರೆ. ಅಡುಗೆಮನೆಯಲ್ಲಿ ದುಂಡು ತಳದ ಗಡಿಗೆಯನ್ನು ಅದರ ಮೇಲೆ ಕೂರಿಸುತ್ತಿದ್ದರು. ಇಲ್ಲದಿದ್ದರೆ ಉರುಳುತ್ತದೆ. ಉರುಳುವುದು ಗಡಿಗೆ, ಸಿಂಬಿಯಲ್ಲ.

ಲೋಕವೆಲ್ಲ ಇನ್ನೂ ಹಸಿಮಣ್ಣಿನ ವಾಸನೆ ಬೀರುತ್ತಿದ್ದ ಕಾಲ. ಆಕಾಶದಲ್ಲಿ ಚಂದ್ರನೇ ಒಂದು ಹೊಸ ಗಡಿಗೆ. ಅವನ ತುಂಬ ಬೆಳದಿಂಗಳು. ಅದು ಹಾಲಿನಂಥದ್ದು, ತುಳುಕಿದರೆ ಚೆಲ್ಲುತ್ತದೆ. ಚಂದ್ರ ಆ ಕಡೆ ಉರುಳಿದ, ಒಂದಿಷ್ಟು ಚೆಲ್ಲಿತು. ಈ ಕಡೆ ಉರುಳಿದ, ಇನ್ನೊಂದಿಷ್ಟು ಚೆಲ್ಲಿತು.

“ಅಯ್ಯೋ, ಅರ್ಧ ಖಾಲಿಯಾದೆ! ಪೂರ್ತಿ ಚೆಲ್ಲಿದರೆ ನಾನು ಬರೀ ಕತ್ತಲೆ!” ಎಂದು ಚಂದ್ರ ಅತ್ತ.

“ಆ ಕಡೆ ಸರಿದು ಅಳು, ನನ್ನ ಮೇಲೆ ಬಿದ್ದೀಯ!” ಎಂದಿತು ಹೊಳೆ.

ಹೊಳೆಯಲ್ಲಿ ನೀರು ತುಂಬುತ್ತಿದ್ದ ಕಲ್ಲವ್ವ ತಲೆಯೆತ್ತಿ ನೋಡಿದಳು. “ತಮ್ಮಾ, ನನ್ನ ಗಡಿಗೆಯ ತಳವೂ ದುಂಡಗೇ ಇದೆ. ಉರುಳುತ್ತದೆಯೇನು? ಕೆಳಗೊಂದು ಸಿಂಬಿ ಬೇಕಪ್ಪಾ!”

ಅವಳು ತನ್ನ ತಲೆಯ ಮೇಲಿನ ಸಿಂಬಿ ತೆಗೆದು ಗಾಳಿಯ ಕೈಗೆ ಕೊಟ್ಟಳು. ಗಾಳಿ ಅದನ್ನು ಮೇಲಕ್ಕೊಯ್ದಿತು.

“ಇದು ನನ್ನ ಕಿರುಬೆರಳಿಗೆ ಉಂಗುರವಾದೀತು ಅಷ್ಟೇ,” ಎಂದ ಚಂದ್ರ. ಚಂದ್ರನಿಗೆ ಬೆರಳಿಲ್ಲ, ಮಾತಿಗೆ ಹೇಳಿದ.

“ಹಾಗಾದರೆ ಗಾಳಿಯಪ್ಪಾ, ಆ ಮೋಡವನ್ನೇ ತಿರುಚು!” ಎಂದಳು ಕಲ್ಲವ್ವ.

ಮೋಡ ಗೊಣಗಿತು. “ನನ್ನ ಹೊಟ್ಟೆ ತುಂಬ ನೀರಿದೆ. ತಿರುಚಿದರೆ ನಾಳೆಯೊಳಗೆ ಸೋರುತ್ತೇನೆ. ಆಮೇಲೆ ನನ್ನನ್ನು ಬೈಯಬಾರದು!”

“ಸೋರಪ್ಪಾ, ಸೋರು! ನಿನ್ನನ್ನು ಕಂಡ ಕೂಡಲೇ ಅಂಗಳದಲ್ಲಿ ಹರವಿದ ಜೋಳ ಒಳಗೆ ತಂದುಕೊಳ್ಳುತ್ತೇನೆ.”

ಗಾಳಿ ಮೋಡವನ್ನು ತಿರುಚಿತು, ಸುತ್ತಿತು, ಸಿಂಬಿ ಮಾಡಿತು. ಚಂದ್ರ ಮೆಲ್ಲಗೆ ಕುಳಿತ. ಉರುಳಲಿಲ್ಲ. ಒಂದು ತೊಟ್ಟೂ ಚೆಲ್ಲಲಿಲ್ಲ. ಮರುದಿನ ಮಳೆ ಸುರಿಯಿತು, ಕಲ್ಲವ್ವನ ಜೋಳ ಒಳಗೆ ಬೆಚ್ಚಗಿತ್ತು.

ಅದಕ್ಕೇ ಇವತ್ತಿಗೂ ಮಳೆಗೆ ಮುಂಚೆ ಒಮ್ಮೊಮ್ಮೆ ಚಂದ್ರನ ಸುತ್ತ ಬಿಳಿ ಬಳೆ ಕಾಣುತ್ತದೆ. ಸಿಂಬಿ ಇರುವುದು ಕೆಳಗಲ್ಲವೇ, ಸುತ್ತ ಏಕೆ ಕಾಣುತ್ತದೆ ಎಂದು ನೀವು ಕೇಳಬಹುದು. ಅದು ಹೇಗೆಂದರೆ, ನಾವು ಗಡಿಗೆಯನ್ನು ತಳದ ಕಡೆಯಿಂದ ನೋಡುತ್ತಿದ್ದೇವೆ. ಈಗ ಅಡುಗೆಮನೆಯಲ್ಲಿ ಗಡಿಗೆಯ ಕೆಳಗೇ ಒಂದು ಇರುವೆ ಇದೆ ಎಂದಿಟ್ಟುಕೊಳ್ಳಿ, ಆ ಇರುವೆ ತಲೆಯೆತ್ತಿದರೆ...

ತಡೆಯಿರಿ, ನಮ್ಮ ಮನೆಯವಳು ಅಂಗಳದಿಂದ ಕೂಗುತ್ತಿದ್ದಾಳೆ. “ರೀ, ಬರೆದದ್ದು ಸಾಕು, ಬೇಗ ಬನ್ನಿ! ಚಂದ್ರ ಸಿಂಬಿಯ ಮೇಲೆ ಕೂತಿದ್ದಾನೆ, ಜೋಳ ಇನ್ನೂ ಹೊರಗೇ ಇದೆ!”