ಕರಿಸಿದ್ದ ನಾಯಿ ಪಳಗಿಸಿದ್ದು

ಸುಳ್ಳಾಡಿದ್ರೆ ಈ ಎಡಗಡೆ ಮೀಸೆ ನಾಳೆ ಬೆಳಗಾಗೋದ್ರೊಳಗೆ ಉದುರೋಗ್ಲಿ. ಎಡಗಡೇದೊಂದೇ ಯಾಕೆ, ಎರಡೂ ಹೋಗ್ಲಿ! ಇದು ನಡೆದಿದ್ದು, ನಮ್ಮೂರಲ್ಲೇ ನಡೆದಿದ್ದು, ನನ್ನ ಕಣ್ಣೆದುರಿಗೇ ನಡೆದಿದ್ದು. ಯಾರೋ ಹೇಳಿದ್ದನ್ನ ತಂದು ಒದರೋ ಆಸಾಮಿ ಅಲ್ಲ ನಾನು.

ನಮ್ಮೂರಲ್ಲಿ ಸಾಕವ್ವ ಅಂತ ಒಬ್ಳು. ಅವಳಿಗೊಬ್ಬ ಮಗ, ಕರಿಸಿದ್ದ. ಇಪ್ಪತ್ತೈದು ವಯಸ್ಸು, ಎತ್ತಿನಂಥ ಮೈ, ಬುದ್ಧಿ ಮಾತ್ರ ಕಾಣೆ. ಹೇಳಿದ್ದು ಹೇಳಿದಂಗೇ ಮಾಡೋನು. ಬಾಗ್ಲು ನೋಡ್ಕೊ ಅಂದ್ರೆ ಬಾಗ್ಲನ್ನೇ ನೋಡ್ತಾ ಕೂರೋನು. ಬೆನ್ನ ಹಿಂದೆ ಬೆಕ್ಕು ಅನ್ನದ ಗಡಿಗೆ ಉರುಳಿಸಿದ್ರೂ ಬಾಗ್ಲಿಂದ ಕಣ್ಣು ಕೀಳ್ತಿರ್ಲಿಲ್ಲ. "ನಿನ್ನ ಹೆತ್ತು ನಾನು ಕೆಟ್ಟೆ ಕಣೋ!" ಅಂತಿದ್ಲು ಸಾಕವ್ವ. "ಆಗ್ಲಿ ಅವ್ವ" ಅಂತಿದ್ದ.

ಅವರಪ್ಪ ದೊಡ್ಡೀರ ನನ್ನ ಗೆಳೆಯ. ಮೂವತ್ತು ವರ್ಷ ಒಟ್ಟಿಗೆ ಕುರಿ ಮೇಯಿಸ್ದೋರು ನಾವು. ಅವನು ಕುರಿ ಎಣಿಸೋದ್ರಲ್ಲಿ ಯಾವಾಗ್ಲೂ ತಪ್ಪೋನು, ನಾನು ತಪ್ಪಿದ್ದೇ ಇಲ್ಲ. ಅದು ಬಿಡಿ. ಅವನದೊಂದು ನಾಯಿ. ಬಾಲ ಅಂದ್ರೆ ದೇವ್ರಿಗೆ ಬೀಸೋ ಚೌರಿ ಥರ. ಅದಕ್ಕೇ ಚೌರಿ ಅಂತ ಹೆಸರು.

ಯುಗಾದಿ ಕಳೆದು ಎಂಟು ದಿನಕ್ಕೆ ದೊಡ್ಡೀರ ತೀರ್ಕೊಂಡ. ಕುರಿ ಮಾರಿದ್ರು. ಊರಾಚೆ ಕುರಿ ಕೂಡ್ತಿದ್ದ ರೊಪ್ಪ ಬರಿದಾಯ್ತು. ನಾಯಿ ಮಾತ್ರ ಆ ರೊಪ್ಪ ಬಿಟ್ಟು ಬರ್ಲಿಲ್ಲ. ಅವನು ಮಲಗ್ತಿದ್ದ ಜಾಗದಲ್ಲೇ ಮೂತಿ ಊರಿ ಮಲಗ್ತು. ಕರೆದ್ರೆ ಬರದು. ಹಗ್ಗ ಹಾಕಿ ಎಳ್ಕೊಂಡು ಬಂದ್ರೆ ಹಗ್ಗ ಕಡಿದು ಓಡೋಗೋದು.

ಅಷ್ಟರಲ್ಲಿ ಗುಡ್ಡದಿಂದ ಚಿರತೆ ಇಳೀತು. ಒಂದೇ ವಾರಕ್ಕೆ ಊರಂಚಿನ ಎರಡು ನಾಯಿ ಹೊತ್ಕೊಂಡು ಹೋಯ್ತು.

ಸಾಕವ್ವ ನಮ್ಮನೆ ಜಗಲಿಗೆ ಬಂದು ಕೂತ್ಲು. "ಬೊಮ್ಮಣ್ಣ, ಏನಾದ್ರೂ ಮಾಡಿ ಚೌರೀನ ಮನೆ ಸೇರಿಸು. ಹೊತ್ತು ಮುಳುಗಿದ್ರೆ ನಾನೂ ಅವರ ದಾರಿ ನೋಡ್ತೀನಿ, ಅದೂ ನೋಡ್ತದೆ. ಒಬ್ಳೇ ನೋಡೋಕೆ ಆಗಲ್ಲ ಕಣಣ್ಣ."

"ಬಡಿಗೆ ತಗೊಂಡು ನಾಲ್ಕು ಬಿಟ್ರೆ ತಾನಾಗೇ ಬತ್ತದೆ!" ಅಂದೆ. "ಎಷ್ಟು ನಾಯಿ ನೆಟ್ಟಗೆ ಮಾಡಿದೀನಿ ನಾನು!"

ಆಡುಗಳಿಗೆ ಇಂಜೆಕ್ಷನ್ ಹಾಕೋಕೆ ದನದ ಡಾಕ್ಟ್ರಮ್ಮ ಬಂದಿತ್ತು ಅವತ್ತು. ಚಿಕ್ಕ ಹುಡುಗಿ. ನನಗೇ ಬುದ್ಧಿ ಹೇಳ್ತು! "ಅಯ್ಯೋ, ಹೊಡೀಬೇಡಿ ಅಜ್ಜ! ಹೊಡೆದ್ರೆ ಇನ್ನೂ ದೂರ ಹೋಗುತ್ತೆ. ಹೇಳಿದಂಗೆ ಮಾಡ್ದಾಗ ಬಾಯಿಗೆ ಒಂದು ಚೂರು ಇಡಿ. ತಲೆ ಸವರಿ, ಜಾಣೆ ಅನ್ನಿ. ತಪ್ಪು ಮಾಡಿದ್ರೆ ಬಯ್ಬೇಡಿ, ಬೆನ್ನು ತಿರುಗಿಸಿ, ಅಷ್ಟೆ. ಮೆಲ್ಲಗೆ ಕಲೀತದೆ."

ನನಗೆ ನಗು ತಡೀಲಿಲ್ಲ. ಸೊಂಟದ ಸಂಚಿ ಬಡಿದು ಹೇಳ್ದೆ, "ಏಟಿಲ್ದೆ ಆ ನಾಯಿ ಹೊಸ್ತಿಲು ದಾಟಿದ್ರೆ ಇದರಲ್ಲಿ ಎಷ್ಟಿದೆಯೋ ಅಷ್ಟೂ ನಿಂದು ಸಾಕವ್ವ! ಎಣಿಸೋದೂ ಇಲ್ಲ!"

ಸಾಕವ್ವ ಮಗನ್ನ ಕರೆದ್ಲು. ಅಟ್ಟದ ಮೇಲೆ ಎರಡು ಸರ ಉಪ್ಪುಕಂಡ ಒಣಗ್ತಿತ್ತು. ಒಂದು ಸರ ಕೈಗೆ ಕೊಟ್ಲು. "ನೋಡು ಮಗ, ಇದು ಉಪ್ಪು ಹಚ್ಚಿ ಒಣಗಿಸಿದ ಬಾಡು, ಜ್ವಾಪಾನ. ಚೌರಿ ಸುಮ್ನೆ ಕೂತಾಗ ಒಂದು ಚೂರು ಕೊಡು. ಜಾಣೆ ಅನ್ನು. ಗೊತ್ತಾಯ್ತಾ?"

"ಗೊತ್ತಾಯ್ತು ಅವ್ವ! ಕೂತಾಗ ಕೊಡೋದು! ಜಾಣೆ ಅನ್ನೋದು!"

ಹೋದ. ಚೌರಿ ಮೊದ್ಲೇ ಕೂತಿತ್ತು. ಒಂದು ಚೂರು ಕೊಟ್ಟ. "ಜಾಣೆ!" ಇನ್ನೂ ಕೂತೇ ಇತ್ತು. ಇನ್ನೊಂದು ಕೊಟ್ಟ. "ಜಾಣೆ!" ಅದು ಏಳ್ಲಿಲ್ಲ, ಇವನು ಬಿಡ್ಲಿಲ್ಲ. ಮಧ್ಯಾಹ್ನಕ್ಕೆ ಸರ ಪೂರ್ತಿ ಖಾಲಿ! ಬರಿ ದಾರ ಹಿಡ್ಕೊಂಡು ಮನೆಗೆ ಬಂದ.

"ಬಾಡೆಲ್ಲೋ?"

"ಅದು ಬೆಳಿಗ್ಗೆಯಿಂದ ಎದ್ದೇ ಇಲ್ಲ ಅವ್ವ! ಅಷ್ಟು ಜಾಣೆ!"

"ಹಾಳಾದೋನೆ! ಕೂತಿದ್ದಕ್ಕೆಲ್ಲ ಕೊಡ್ತಾರೇನೋ? ಮೊದ್ಲು 'ಬಾ' ಅನ್ಬೇಕು! ಬಾ ಅಂದಾಗ ಬಂದ್ರೆ, ಬಂದ ಗಳಿಗೇಲೇ ಬಾಯಿಗೆ ಇಡ್ಬೇಕು! ತಡ ಮಾಡ್ಬಾರ್ದು!" ಅಂತ ಉಳಿದ ಸರಾನೂ ಕೈಗೆ ಕೊಟ್ಲು.

"ಗೊತ್ತಾಯ್ತು ಅವ್ವ! ಬಾ ಅಂದಾಗ ಬಂದ್ರೆ ಬಾಯಿಗೆ!"

ಮಾರನೇ ದಿನ ಇವನಿಗೆ ಹೆಣ್ಣು ಕೊಡೋರು ಬಂದ್ರು. ಹೆಣ್ಣಿನ ಅಪ್ಪ ಕಾಳಿಂಗಯ್ಯ, ಭಾರಿ ರುಮಾಲು, ಭಾರಿ ಗತ್ತು. ಆ ಸಂಬಂಧ ಹುಡುಕಿದ್ದೂ ನಾನೇ, ಬೇರೆ ಯಾರ ಕೈಲಾಗ್ತಿತ್ತು? ಸಾಕವ್ವ ಬಾಗ್ಲಲ್ಲಿ ನಿಂತು, "ಬನ್ನಿ ಬನ್ನಿ, ಒಳಗೆ ಬನ್ನಿ" ಅಂದ್ಲು. ಕಾಳಿಂಗಯ್ಯ ಒಳಗೆ ಬಂದ. ಬಂದ ಗಳಿಗೇಲೇ ಕರಿಸಿದ್ದ ಹಾರಿ ಬಂದು ಅವನ ಬಾಯಿಗೆ ಉಪ್ಪುಕಂಡ ತುರುಕಿದ! ರುಮಾಲು ಬೀಳೋ ಹಂಗೆ ತಲೆ ಸವರಿದ!

"ಜಾಣ! ಜಾಣ!"

ಕಾಳಿಂಗಯ್ಯ ಥೂ ಅಂತ ಉಗಿದ. "ನಾನೇನು ನಾಯೇನ್ರೀ?"

"ಅಲ್ಲ, ಚೌರಿ ನಿಮಗಿಂತ ನಿಧಾನ" ಅಂದ ಕರಿಸಿದ್ದ.

ಸಂಬಂಧ ಮುರೀತು. ಸಾಕವ್ವ ಹಣೆ ಚಚ್ಕೊಂಡ್ಲು. "ಮನುಷ್ಯರಿಗಲ್ಲ ಕಣೋ, ನಾಯಿಗೆ! ನಾಯಿಗೆ! ಇನ್ನು ನೀನೇನೂ ಕೊಡ್ಬೇಡ. ಡಾಕ್ಟ್ರಮ್ಮ ಹೇಳಿದ್ದು ಇನ್ನೊಂದಿದೆ. ನಾಯಿ ತಪ್ಪು ಮಾಡ್ದಾಗ ಬಯ್ಬೇಡ, ನೋಡ್ಬೇಡ, ಬೆನ್ನು ತಿರುಗಿಸ್ಕೊಂಡು ನಿಂತ್ಕೊ. ಅಷ್ಟು ಮಾಡು ಸಾಕು!"

"ಗೊತ್ತಾಯ್ತು ಅವ್ವ! ತಪ್ಪು ಮಾಡಿದ್ರೆ ಬೆನ್ನು!"

ಈಗ ಕೇಳಿ. ದೊಡ್ಡೀರನ ಕಂಬಳಿ, ರುಮಾಲು ಒಳಗೆ ಬಾಗ್ಲ ಪಕ್ಕದ ಗೂಟದಲ್ಲಿ ನೇತಾಡ್ತಿತ್ತು. ಕೆಳಗೆ ಅವನ ಮೆಟ್ಟು. ಸತ್ತೋರ ಕಂಬಳೀನ ವರ್ಷದ ಎಡೆ ಇಡೋ ತನಕ ಒಗೆಯಲ್ಲ ನಮ್ಮಲ್ಲಿ, ಯಾರೂ ಮೈಮೇಲೂ ಹಾಕ್ಕೊಳಲ್ಲ. ಸಾಕವ್ವ ದಿನಾ ಅದನ್ನ ಮುಟ್ಟಿ ಕೆಲಸಕ್ಕೆ ಹೋಗೋಳು. ನಾನು ನೋಡಿದೀನಿ, ನೋಡಿಲ್ದೋನ ಥರ ಇದ್ದೆ.

ಒಂದಿನ ಅವಳು ನೀರಿಗೆ ಹೋಗಿದ್ಲು. ಬಾಗ್ಲು ತೆಗೆದಿತ್ತು. ಚೌರಿ ಹಿತ್ಲ ಬೇಲಿ ನುಸುಳಿ, ಅಂಗಳಕ್ಕೆ ಬಂದು, ಹೊಸ್ತಿಲ ಆಚೆಯಿಂದ್ಲೇ ಕತ್ತು ಚಾಚಿ ಎಡಗಾಲಿನ ಮೆಟ್ಟು ಕಚ್ಕೊಂಡ್ತು. ಕರಿಸಿದ್ದ ನೋಡಿದ. ಕಳ್ಳತನ ತಪ್ಪಲ್ವಾ? ಬೆನ್ನು ತಿರುಗಿಸಿ ಗೋಡೆ ನೋಡ್ತಾ ನಿಂತ. ಚೌರಿ ಮೆಟ್ಟು ಕಚ್ಕೊಂಡು ರೊಪ್ಪಕ್ಕೆ ಓಟ!

ಸಾಕವ್ವ ಬಂದು ನೋಡ್ತಾಳೆ, ಒಂದೇ ಮೆಟ್ಟು. "ಅಯ್ಯೋ, ಅವರ ಮೆಟ್ಟು! ನೀನೇನು ಮಾಡ್ತಿದ್ದೆಯೋ?"

"ಬೆನ್ನು ತಿರುಗಿಸಿದ್ದೆ ಅವ್ವ! ನೋಡ್ಲೇ ಇಲ್ಲ! ಬಯ್ಲೂ ಇಲ್ಲ!"

"ಮೂರು ತಿಂಗಳಿಂದ ಬರ್ದೇ ಇದ್ದದ್ದು ಬಾಗ್ಲ ತನಕ ಬಂದಿತ್ತಲ್ಲೋ! ಒಂದ್ಸಲ ಬಾ ಅನ್ಬಾರ್ದಿತ್ತೇನೋ!"

ಈ ಸಲ ಸಾಕವ್ವ ಜೋರಾಗಿ ಬಯ್ಯಲೂ ಇಲ್ಲ. ಕೊಡ ಪಕ್ಕಕ್ಕಿಟ್ಟು ನೆಲದ ಮೇಲೇ ಕೂತು ಅತ್ಲು. "ಅದಕ್ಕೆ ಬಾಡು ಬೇಡ ಮಗ. ಅದಕ್ಕೆ ಯಾರು ಬೇಕೋ ಅವರು ಕರೆದ್ರೆ ಬತ್ತದೆ. ಅವರನ್ನ ಎಲ್ಲಿಂದ ತರ್ಲಿ?"

ಕರಿಸಿದ್ದ ತಲೆ ಆಡಿಸ್ದ. "ಗೊತ್ತಾಯ್ತು ಅವ್ವ."

ಅವತ್ತು ಸಾಯಂಕಾಲ ಅವರ ಜಗಲೀಲೇ ಕೂತಿದ್ದೆ, ಎಲೆ ಅಡಿಕೆ ಹಾಕ್ಕೊಂಡು. ದೀಪ ಹಚ್ಚೋ ಹೊತ್ತು. ರೊಪ್ಪದ ಕಡೆಯಿಂದ ಒಂದು ಕೂಗು ಬಂತು. "ಹ್ರೂಯ್... ಚೌರೀ... ಹ್ರೂಯ್!" ನನ್ನ ಬಾಯಲ್ಲಿದ್ದ ಎಲೆ ಅಲ್ಲೇ ನಿಂತೋಯ್ತು. ದೊಡ್ಡೀರನ ಕೂಗು ಅದು!

ನೋಡ್ತೀನಿ, ದಾರಿ ಮೇಲೆ ದೊಡ್ಡೀರ ಬತ್ತಾವ್ನೆ! ಅದೇ ಕಂಬಳಿ, ಅದೇ ರುಮಾಲು. ಅವನಿಗೆ ಎಡಗಾಲು ಒಸಿ ಕುಂಟು, ಅದೇ ಕುಂಟು! ಹಿಂದೆ ಚೌರಿ, ಬಾಯಲ್ಲಿ ಮೆಟ್ಟು, ಬಾಲ ಎತ್ತಿ ಬೀಸ್ಕೊಂಡು.

ಕರಿಸಿದ್ದ ಕಣ್ರಪ್ಪ! ಅಪ್ಪನ ಕಂಬಳಿ ಹೊದ್ದು, ಉಳಿದ ಒಂದೇ ಮೆಟ್ಟು ಬಲಗಾಲಿಗೆ ಮೆಟ್ಟಿದ್ದ. ಎಡಗಾಲು ಬರಿಗಾಲು, ಅದಕ್ಕೇ ಆ ಕುಂಟು. ಆದ್ರೆ ಅದು ನನಗೆ ಆಮೇಲೆ ಗೊತ್ತಾಗಿದ್ದು.

ಹೊಸ್ತಿಲು ದಾಟಿ ಒಳಗೆ ನಿಂತು ತಿರುಗಿ ಕೂಗ್ದ. "ಬಾ!"

ಚೌರಿ ಹೊಸ್ತಿಲು ದಾಟ್ತು.

ಅಡಿಗೆಮನೆಯಿಂದ ಸಾಕವ್ವ ದೀಪ ಹಿಡ್ಕೊಂಡು ಓಡಿ ಬಂದ್ಲು. "ಬಂದ್ರಾ? ಯಾಕೆ ಇಷ್ಟು ಹೊತ್ತು ಮಾಡಿದ್ರಿ?"

ನಾನೂ ಎದ್ದೆ. ಎದ್ದಿದ್ದೇ ನನಗೆ ಗೊತ್ತಿಲ್ಲ. "ಲೋ ದೊಡ್ಡೀರ!" ಅಂತ ಒಳಗೆ ನುಗ್ಗಿದೆ.

ಕರಿಸಿದ್ದ ಕಂಬಳಿ ಒಳಗಿಂದ ಕೈ ತೆಗೆದ. ನಾಯಿ ಬಾಯಿಂದ ಮೆಟ್ಟು ಬಿಡಿಸ್ಕೊಂಡು ಒಂದು ಚೂರು ಉಪ್ಪುಕಂಡ ಇಟ್ಟ. "ಜಾಣೆ!" ಅವ್ವನ ಬಾಯಿಗೆ ಒಂದು ಇಟ್ಟು ತಲೆ ಸವರಿದ. "ಜಾಣೆ!" ಆಮೇಲೆ ನನ್ನ ಕಡೆ ತಿರುಗ್ದ. "ನೀನೂ ಬಂದ್ಯಲ್ಲ ಮಾವ! ಜಾಣ!" ನನ್ನ ಬಾಯಿಗೂ ಇಟ್ಟ, ನನ್ನ ಬೋಳುತಲೇನೂ ಸವರಿದ.

ಕಾಳಿಂಗಯ್ಯ ಉಗಿದಿದ್ದ. ನಾನು ಅಗಿದು ನುಂಗ್ದೆ.

ಸಾಕವ್ವ ಬಯ್ತಾಳೆ ಅಂತ ಕರಿಸಿದ್ದ ಕಾದ. ಅವಳು ಬಯ್ಲಿಲ್ಲ. ಕಂಬಳಿ ಚುಂಗು ಕೈಲಿ ಹಿಡ್ಕೊಂಡು ಅಗೀತಾ ನಿಂತಿದ್ಲು. ಚೌರಿ ಕರಿಸಿದ್ದನ ಕಾಲ ಮೇಲೆ ಮೂತಿ ಇಟ್ಟು ಮಲಗ್ತು. ಇವನು ಕಾಲು ಕದಲಿಸ್ಲಿಲ್ಲ.

ಕೊಟ್ಟ ಮಾತು ಮಾತೇ. ಸಂಚಿ ಬಿಚ್ಚಿ ಸಾಕವ್ವನ ಮಡಿಲಿಗೆ ಸುರಿದೆ. ಎಣಿಸಲ್ಲ ಅಂದಿದ್ದೆ, ಅವಳೇ ಎಣಿಸಿದ್ಲು. ಐವತ್ತೇಳು ರೂಪಾಯಿ ಐವತ್ತು ಪೈಸೆ.