ಜೇನಿನ ಅಂಗಿ ತೊಟ್ಟ ನೊಣ

ಬಹಳ ಹಿಂದೆ, ಬಂಡೆಸಾಲಿನ ಬುಡದಲ್ಲಿ ಕಾಡಿನ ಜನರ ಒಂದು ಹಾಡಿ ಇತ್ತಂತೆ. ಅಲ್ಲಿಯವರಿಗೆ ಜೇನೇ ಜೀವನ. ಆ ಹಾಡಿಯಲ್ಲಿ ಯಾರೋ ಬಿಟ್ಟುಹೋದ ಕೂಸು ಜಡೆಯ. ಅವನ ಕುಲ ಯಾರಿಗೂ ತಿಳಿಯದು. ಆದರೆ ಗುಂಯ್ ಅನ್ನುವ ಹುಳುಗಳ ಕುಲವೆಲ್ಲ ಅವನಿಗೆ ತಿಳಿದಿತ್ತು ಅಂತಾರೆ. ರೆಕ್ಕೆ ಎರಡೋ ನಾಲ್ಕೋ, ರೆಕ್ಕೆಯ ಗೆರೆ ಹೇಗೆ ಹರಿದಿದೆ, ಸೊಂಡಿಲು ಮಡಚುತ್ತದೋ ಇಲ್ಲವೋ, ಇಷ್ಟು ನೋಡಿ ಇದು ಇಂಥವರ ಮನೆಯದು ಅನ್ನುತ್ತಿದ್ದನಂತೆ.

ಅಲ್ಲೊಂದು ಕಟ್ಟಳೆ. ಜೇನಿಗಾಗಿ ಬಂಡೆಯಿಂದ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣತಮ್ಮಂದಿರೇ ಹಿಡಿಯಬೇಕು. ತಂಗಿಯ ಬಾಳು ಹಾಳಾಗಲಿ ಅಂತ ಯಾವ ಅಣ್ಣ ಕೈಬಿಟ್ಟಾನು? ಹೆಂಡತಿ ಇಲ್ಲದ ಜಡೆಯ ಕೆಳಗೆ ನಿಂತು ಹೊಗೆ ಹಾಕುವವನಾಗಿಯೇ ಉಳಿದ. ಅವನಿಗೋ ಬೊಮ್ಮಿಯ ಮೇಲೆ ಮನಸ್ಸು. ಬೊಮ್ಮಿಗೂ ಅಷ್ಟೇ. ಅವಳ ಅಣ್ಣ ಕಾರಯ್ಯ ಮಾತ್ರ ಹೂಂ ಅನ್ನಲೊಲ್ಲ.

ಒಂದು ಬೇಸಿಗೆ ಜೇನೇ ಸಿಗಲಿಲ್ಲವಂತೆ. ಕಾರಯ್ಯ ತುಂಬೆ ಹೂವಿನ ಮೇಲೆ ಕೂದಲು ಮೈಯ ಹುಳುವೊಂದನ್ನು ಕಂಡು, ಜೇನುಹುಳುವೇ ಅಂದುಕೊಂಡು, ಅದರ ಹಿಂದೆ ಹಾಡಿಯವರನ್ನೆಲ್ಲ ಓಡಿಸಿದ. ಅದು ಬೋಳು ದಿಬ್ಬದ ತೂತುಗಳ ಮುಂದೆ ಹೋಗಿ ಗಾಳಿಯಲ್ಲೇ ನಿಂತಿತು. ಎಲ್ಲರೂ ಅಗೆದದ್ದೇ ಅಗೆದದ್ದು. ಬರೀ ಮಣ್ಣು. ಜಡೆಯನಿಗೆ ನಗು ತಡೆಯಲಿಲ್ಲ. ಇದು ಜೇನಲ್ಲ, ಜೇನಿನ ಅಂಗಿ ತೊಟ್ಟ ನೊಣ, ರೆಕ್ಕೆ ಎರಡೇ ನೋಡಿ, ಅಂದ. ಬಿಲದ ಬಾಯಿಗೆ ಮೊಟ್ಟೆ ಎಸೆದು ಹೋಗುತ್ತದೆ, ಅದರ ಮರಿ ಬಿಲದೊಳಗಿನ, ತುಪ್ಪ ಕೂಡಿಡದ ಒಂಟಿಜೇನಿನ ಕೂಸನ್ನೇ ತಿಂದು ಬೆಳೆಯುತ್ತದೆ, ಅಂತಲೂ ಅಂದ.

ಕಾರಯ್ಯನಿಗೆ ಮೈಯೆಲ್ಲ ಉರಿಯಿತು. "ನೀನೂ ಅದೇ ಕುಲ ಕಣ್ಲಾ. ಯಾರೋ ಎಸ್ದೋದ ಮೊಟ್ಟೆ. ನಮ್ ಮಕ್ಳ ಅನ್ನ ತಿಂದು ಬೆಳ್ದೆ!"

ಪಾಪ, ಲೋಕದ ಹುಳುಗಳ ಕುಲ ಹೇಳುವವನು ತನ್ನದು ಹೇಳಲಾರದೆ ತಲೆ ತಗ್ಗಿಸಿದ. ನೋಯದೆ ಇದ್ದೀತೇ?

ತಿಂದ ಅನ್ನದ ಋಣಕ್ಕೆ ಜೇನು ತರುತ್ತೇನೆ ಅಂತ ಮರುದಿನ ಒಬ್ಬನೇ ಬಂಡೆ ಹತ್ತಿ, ಹಗ್ಗವನ್ನು ಮರಕ್ಕೆ ಕಟ್ಟಿ ಇಳಿದನಂತೆ. ನಡುದಾರಿಯಲ್ಲಿ ಗಂಟು ಜಾರಿತು. ಸತ್ತೆ ಅಂದುಕೊಂಡ. ಅಷ್ಟರಲ್ಲಿ ಹಗ್ಗ ಬಿಗಿಯಿತು. ತಲೆಯೆತ್ತಿ ನೋಡಿದರೆ, ಗುಟ್ಟಾಗಿ ಹಿಂದೆಯೇ ಬಂದಿದ್ದ ಬೊಮ್ಮಿ! ಅಂಗೈ ತೊಗಲು ಕಿತ್ತು ಬಂದರೂ ಬಿಡಲಿಲ್ಲವಂತೆ. ಅವಳ ಕೂಗಿಗೆ ಓಡಿಬಂದ ಕಾರಯ್ಯ ನೋಡಿದ. ಹಗ್ಗದ ಜೊತೆ ತಂಗಿಯೂ ಅಂಚಿಗೆ ಜಾರುತ್ತಿದ್ದಳು. ಬೇರೇನೂ ತೋಚದೆ ಅವಳ ಕೈ ಹಿಂದೆ ತಾನೂ ಹಗ್ಗ ಹಿಡಿದ. ಹಿಡಿದ ಮೇಲೆ ಇನ್ನೇನಿದೆ? ಕಟ್ಟಳೆಯಂತೆ ಜಡೆಯನ ಹೆಂಡತಿಯ ಅಣ್ಣನಾಗಿಬಿಟ್ಟ.

ಈಗಲೂ ಅಲ್ಲಿ ಹಗ್ಗವನ್ನು ಮೊದಲು ಹೆಂಡತಿ ಹಿಡಿದು, ಆಮೇಲೆ ಅಣ್ಣನ ಕೈಗೆ ಕೊಡುತ್ತಾಳೆ. ದಿಬ್ಬದ ತೂತಿನ ಮುಂದೆ ಆ ನೊಣ ಬಂದು ನಿಂತರೆ ಯಾರೂ ಹೊಡೆಯುವುದಿಲ್ಲ. ಅದು ಯಾರ ಮನೆಯದು ಎಂದು ಮಕ್ಕಳು ಕೇಳಿದರೆ, ಜಡೆಯಜ್ಜನ ಮನೆಯದು ಅನ್ನುತ್ತಾರೆ.